ಕೆಂಪರಾಜನ ಹುರಿಹಿಟ್ಟು

ನಮ್ಮ ಆಫೀಸಿಗೆ ಹೊಸದಾಗಿ ಬಂದಿರುವ ಸುದರ್ಶನ್ ಎಂಬಾತ ಮೊನ್ನೆ ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕುಳಿತು, "ಗುರುರಾಜ್ ಸರ್, ಆ ದೊಮ್ಮಲೂರು ಕೆಂಪರಾಜ್ ನಿಮ್ ಫ್ರೆಂಡಂತೆ? ಎಂಥಾ ಬೌಲರ್ರು ಸರ್! ಇಂಜೆಕ್ಷನ್ ಚಟಕ್ಕೆ ಬಿದ್ದು ಹಾಳಾಗೋದ" ಅಂದ. ನನ್ನ ಕೈಯಲ್ಲಿ ಮೊಸರನ್ನದ ಡಬ್ಬಿಯಿತ್ತು. ಅದನ್ನು ಅವನ ತಲೆಯ ಮೇಲೆ ಕವುಚಿಬಿಡಬೇಕು ಅನ್ನಿಸಿತು. "ಅವ್ನು ಚುಚ್ಕೊಳ್ಳೋದನ್ನ ನೀನು ನೋಡಿದ್ಯೇನಯ್ಯಾ?" ಅಂದೆ. ಅವನು ಪೆಚ್ಚಾಗಿ, "ಟೀವೀಲಿ ಬಂದಿತ್ತಲ್ಲ ಸರ್" ಅಂದ. ಟೀವಿಯಲ್ಲಿ ಬಂದಿತ್ತು, ನಿಜ. ಟೀವಿಯಲ್ಲಿ ಬಾರದೇ ಹೋದದ್ದನ್ನು ಹೇಳೋಣವೆಂದರೆ, ಯಾರಿಗೂ ಹೇಳಕೂಡದು ಅಂತ ಕೆಂಪರಾಜ ನನ್ನ ಕೈಯಲ್ಲಿ ಆಣೆ ಮಾಡಿಸಿಕೊಂಡಿದ್ದ. ಯಾರ ಸಲುವಾಗಿ ಆ ಆಣೆಯೋ ಅವರು ಈಗಿಲ್ಲ. ಇನ್ನೂ ಬಾಯಿ ಮುಚ್ಚಿಕೊಂಡಿರಲು ನನಗೇನು ಕರ್ಮ?

ಕೆಂಪರಾಜನ ಮನೆ ದೊಮ್ಮಲೂರಿನ ಹಳೇ ಊರಿನಲ್ಲಿ. ಸುತ್ತ ಫ್ಲೈಓವರು, ಆಫೀಸುಗಳು ಎದ್ದು ಆ ಊರೀಗ ಎರಡು ಗಲ್ಲಿ ಮತ್ತು ಒಂದು ಊರಮ್ಮನ ಗುಡಿಗೆ ಬಂದು ನಿಂತಿದೆ. ಅವನಪ್ಪ ಮುನಿಆಂಜನಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ರಿಂಗ್ ರೋಡ್ ಹಾದುಹೋಯಿತು. ಉಳಿದ ಜಾಗದಲ್ಲಿ ನಾಲ್ಕಾರು ಬಾಡಿಗೆ ಮನೆ ಕಟ್ಟಿಸಿ, ಮಗ ಹೈಸ್ಕೂಲು ಸೇರುವ ಮೊದಲೇ ಅವರು ತೀರಿಕೊಂಡರು. ಆಮೇಲೆ ಆ ಮನೆಯಲ್ಲಿದ್ದವರು ಇಬ್ಬರೇ, ಕೆಂಪರಾಜ ಮತ್ತು ಅವನ ತಾಯಿ ಪಟಾಲಮ್ಮ. ಊಟಕ್ಕೆ, ಬಟ್ಟೆಗೆ ಯಾವ ಕೊರತೆಯೂ ಇರಲಿಲ್ಲ.

ನನ್ನದು ವಿಮಾನಪುರದ ಫ್ಯಾಕ್ಟರಿ ಕ್ವಾರ್ಟರ್ಸ್. ಅಪ್ಪ ಅಲ್ಲೇ ಕೆಲಸದಲ್ಲಿದ್ದರಿಂದ ಫ್ಯಾಕ್ಟರಿ ಗ್ರೌಂಡಿನಲ್ಲಿ ಆಡಲು ನಮಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾನು ವಿಕೆಟ್ ಕೀಪರ್. ಕೆಂಪರಾಜ ಅಲ್ಲಿಗೆ ಮೊದಲ ಸಲ ಬಂದದ್ದು ಯಾರದೋ ಬದಲಿಗೆ ಆಡಲು, ಕಾಲಿನಲ್ಲಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು. ನಾನೇ ಶೂ ಹುಡುಕಿ ಕೊಟ್ಟೆ. ಅವನ ಮೊದಲ ಚೆಂಡು ಗ್ಲೌಸಿನೊಳಗೆ ಬಂದು ಬಡಿದಾಗ "ಅಯ್ಯಪ್ಪಾ!" ಅಂತ ಕಿರುಚಿಬಿಟ್ಟೆ, ಎಲ್ಲರಿಗೂ ಕೇಳುವ ಹಾಗೆ. ಅವತ್ತು ಮನೆಯಲ್ಲಿ ಬಲಗೈ ಊದಿಕೊಂಡು ತುತ್ತು ಎತ್ತಲಾಗದೆ ಚಮಚ ಕೇಳಿದೆ.

ಬೇರೆ ಫಾಸ್ಟ್ ಬೌಲರ್‌ಗಳು ನೆಲ ಗುದ್ದಿಕೊಂಡು ಓಡಿ ಬರುತ್ತಾರೆ, ಬ್ಯಾಟ್ಸ್‌ಮನ್ನನ್ನು ದುರುಗುಟ್ಟಿಕೊಂಡು ನೋಡುತ್ತಾರೆ, ಬಾಯಿಗೆ ಬಂದಂತೆ ಬೈಯುತ್ತಾರೆ. ಇವನು ಓಡಿ ಬರುವಾಗ ಸದ್ದೇ ಇರುತ್ತಿರಲಿಲ್ಲ. ಸ್ಟಂಪ್ ಹಾರಿದರೂ ತಪ್ಪು ಮಾಡಿದವನಂತೆ ತಲೆ ತಗ್ಗಿಸಿಕೊಂಡು ವಾಪಸ್ ನಡೆಯುತ್ತಿದ್ದ. ಬೈಯುವ ಕೆಲಸ ಸ್ಟಂಪಿನ ಹಿಂದೆ ನಿಂತ ನನ್ನದು. ಅದು ನನಗೆ ಚೆನ್ನಾಗಿಯೇ ಒಗ್ಗಿತ್ತು.

ಬೆಳಿಗ್ಗೆ ಎದ್ದರೆ ಅವನ ಹೊಟ್ಟೆಗೆ ಬೀಳುತ್ತಿದ್ದದ್ದು ಒಂದೇ, ತಾಯಿ ಮಾಡಿದ ಹುರಿಹಿಟ್ಟು. ರಾಗಿಯನ್ನು ಅರಳುವ ಹಾಗೆ ಹುರಿದು ಬೀಸಿ ಇಟ್ಟುಕೊಂಡ ಹಿಟ್ಟು. ಬಿಸಿ ಹಾಲು, ಬೆಲ್ಲ ಸೇರಿಸಿ ಕಲಸಿ ಕುಡಿದರೆ ಮಧ್ಯಾಹ್ನದವರೆಗೂ ಹಸಿವು ಅನ್ನುವುದಿಲ್ಲ. ಅವನು ರಾಜ್ಯ ತಂಡಕ್ಕೆ ಆಯ್ಕೆಯಾಗಿ ಊರೂರು ತಿರುಗಲು ಶುರುಮಾಡಿದ ಮೇಲೂ ಒಂದು ಸ್ಟೀಲ್ ಡಬ್ಬಿ ತುಂಬ ಹುರಿಹಿಟ್ಟು ಅವನ ಬ್ಯಾಗಿನಲ್ಲಿ ಇದ್ದೇ ಇರುತ್ತಿತ್ತು. ಆ ತಂಡದಲ್ಲಿ ಸ್ವಲ್ಪ ಕಾಲ ನಾನೂ ಎರಡನೇ ಕೀಪರ್ ಆಗಿದ್ದೆ, ಅಂದರೆ ನೀರು ಹೊರುತ್ತಿದ್ದೆ. ಹೋಟೆಲಿನಲ್ಲಿ ಅಷ್ಟುದ್ದ ತಿಂಡಿ ಜೋಡಿಸಿಟ್ಟಿದ್ದರೂ ಇವನು ರೂಮಿನಲ್ಲಿ ಕೂತು ಹಿಟ್ಟು ಕಲಸುವುದನ್ನು ಕಂಡು ಹುಡುಗರೆಲ್ಲ ಗೇಲಿ ಮಾಡುತ್ತಿದ್ದರು. "ನಮ್ಮಮ್ಮ ಕೊಟ್ಟಿರೋದು ಕಣ್ರೋ, ಹೆಂಗ್ ಬಿಡ್ಲಿ?" ಅನ್ನುತ್ತಿದ್ದ.

ಇಪ್ಪತ್ತಾರನೇ ವಯಸ್ಸಿನ ಹೊತ್ತಿಗೆ ಅವನ ಬೆನ್ನು ಕೈಕೊಟ್ಟಿತು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಅಂದರು ಡಾಕ್ಟರು. ಒಂದು ಸೀಸನ್ ಪೂರ್ತಿ ಮನೆಯಲ್ಲಿ ಮಲಗಿದ. ಬಿರುಕು ಕೂಡಿಕೊಂಡಿತು, ನೋವು ಹೋಗಲಿಲ್ಲ. ನಾಲ್ಕು ಓವರ್ ಹಾಕಿದರೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದ. ಪಟಾಲಮ್ಮನವರಿಗೆ ಇದನ್ನು ನೋಡಿ ಜೀವ ಹಿಡಿಯಷ್ಟಾಗಿತ್ತು. ಅವರಿಗೂ ಮಂಡಿ ನೋವಿತ್ತು. ಟಿನ್ ಫ್ಯಾಕ್ಟರಿ ಹತ್ತಿರ ರಸ್ತೆ ಬದಿಯಲ್ಲಿ ಗುಡಾರ ಹಾಕಿಕೊಂಡು ಬಾಟಲಿಗಳಲ್ಲಿ ಬೇರು, ಪುಡಿ ಜೋಡಿಸಿಟ್ಟು ಕೂರುತ್ತಾರಲ್ಲ, ಅಂಥವನೊಬ್ಬನ ಪುಡಿ ತಿಂದ ಮೇಲೆ ನೆಲಕ್ಕೆ ಕೂತು ತಾವಾಗಿಯೇ ಏಳುವಂತಾಗಿದ್ದರು. ಅದನ್ನೇ ಮಗನಿಗೂ ಕೊಡಲು ಹೋದರು.

"ಬೇಡಮ್ಮ. ನಮ್ ಡಾಕ್ಟರ್‌ನ ಕೇಳ್ದೆ ಒಂದ್ ಮಾತ್ರೇನೂ ನುಂಗೋ ಹಂಗಿಲ್ಲ. ಟೆಸ್ಟ್ ಮಾಡ್ತಾರೆ" ಅಂದ ಕೆಂಪರಾಜ.

"ಬೇರು ನಾರಿಗೆಲ್ಲಾ ಅದ್ಯಾವ ಟೆಸ್ಟೋ?" ಅಂದರು. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆ ಮಾತು ಅಲ್ಲಿಗೇ ಮುಗಿಯಿತು ಅಂತ ನಾವು ಅಂದುಕೊಂಡೆವು.

ಎರಡು ತಿಂಗಳಲ್ಲಿ ಅವನ ನೋವು ಮಾಯವಾಯಿತು. ನೆಟ್ಸ್‌ನಲ್ಲಿ ಅವನ ಚೆಂಡು ಹಿಡಿಯುತ್ತ, ಇವನು ಹಿಂದೆಂದೂ ಇಷ್ಟು ಜೋರಾಗಿ ಹಾಕಿದ್ದಿಲ್ಲ ಅನ್ನಿಸಿತು. ಆ ವರ್ಷ ರಾಜ್ಯಕ್ಕೆ ಆಡಿ ವಿಕೆಟ್‌ಗಳ ರಾಶಿ ಹಾಕಿದ, ಇಂಡಿಯಾ ಟೀಮಿಗೆ ಹೆಸರು ಬಂತು. ದೊಮ್ಮಲೂರಿನ ಎರಡು ಗಲ್ಲಿಯಲ್ಲಿ ಪಟಾಕಿ ಹೊಗೆಗೆ ದಾರಿ ಕಾಣುತ್ತಿರಲಿಲ್ಲ. ಹೊರದೇಶದಲ್ಲಿ ಮೂರು ಒಂದು ದಿನದ ಪಂದ್ಯ ಆಡಿದ. ಮೊದಲ ಪಂದ್ಯದಲ್ಲಿ ಎರಡು ವಿಕೆಟ್ ಕಿತ್ತಾಗ ಅವರ ಮನೆಯ ಟೀವಿ ಮುಂದೆ ಊರೇ ಸೇರಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಪಟಾಲಮ್ಮ ಮಾತ್ರ ನನ್ನ ತೋಳು ತಿವಿದು, "ಫೋನ್ ಮಾಡ್ದಾಗ ಕೇಳು, ಹಿಟ್ಟು ಸಾಕಾಯ್ತದಾ ಅಂತ" ಅಂದರು.

ವಾಪಸ್ ಬಂದು ಬೆಂಗಳೂರಿನಲ್ಲೇ ರಾಜ್ಯದ ಪಂದ್ಯವೊಂದನ್ನು ಆಡಿದ. ಆಟ ಮುಗಿದ ಮೇಲೆ ಪರೀಕ್ಷೆಗೆ ಮೂತ್ರ ತೆಗೆದುಕೊಂಡರು. ಕೆಲವು ವಾರಕ್ಕೆ ನೋಟಿಸ್ ಬಂತು: ದೇಹದಲ್ಲಿ ಸ್ಟಿರಾಯ್ಡ್ ಇದೆ, ವಿಚಾರಣೆ ಮುಗಿಯುವವರೆಗೆ ಆಡುವಂತಿಲ್ಲ. ಟೀವಿಯವರಿಗೆ ಕೇಳಬೇಕೆ? ಗಲ್ಲಿಯ ಬಾಯಲ್ಲಿ ವ್ಯಾನು ನಿಲ್ಲಿಸಿಕೊಂಡು ವಾರವಿಡೀ ಅದೊಂದೇ ಪದ ಬಡಿದುಕೊಂಡರು. ಮಾತುಕತೆ ಆಗಿದ್ದ ಹೆಣ್ಣಿನ ಕಡೆಯವರು ಹಿಂದೆ ಸರಿದರು. ಕೆಂಪರಾಜ ಊಟ ಬಿಟ್ಟ. "ಗುರು, ನಿನ್ನಾಣೆಗೂ ನಾನೇನೂ ತಗೊಂಡಿಲ್ಲ ಕಣೋ" ಅಂತ ನನ್ನ ಹತ್ತಿರ ಅಂದ. ನಾನು ನಂಬಿದೆ.

ಪಟಾಲಮ್ಮನವರ ಲೆಕ್ಕಾಚಾರವೇ ಬೇರೆ. ತಂಡದಲ್ಲಿ ಯಾರೋ ಹೊಟ್ಟೆಕಿಚ್ಚಿನವನು ಮಗನ ನೀರಿಗೆ ಅದೇನನ್ನೋ ಹಾಕಿದ್ದಾನೆ ಅಂತ ಅವರ ತಲೆಯಲ್ಲಿ ಕೂತುಬಿಟ್ಟಿತು. ಒಂದು ಮಂಗಳವಾರ ತಲೆಗೆ ನೀರು ಹಾಕಿಕೊಂಡು, ಕೂದಲನ್ನು ಹಾಗೇ ಬಿಟ್ಟುಕೊಂಡು ಊರಮ್ಮನ ಗುಡಿ ಮುಂದೆ ಬಂದು ನಿಂತರು. ಹಿಂದೆಯೇ ಓಡಿ ಬಂದ ನಾವಿಬ್ಬರೂ ತಡೆಯಲು ನೋಡಿದೆವು. "ಅಮ್ಮ, ಬೇಡ ಬಾಮ್ಮ" ಅಂತ ಕೆಂಪರಾಜ ತೋಳು ಹಿಡಿದರೆ ಕೊಡವಿಬಿಟ್ಟರು. ಬಗ್ಗಿ ಎರಡೂ ಕೈಯಲ್ಲಿ ಮಣ್ಣು ಬಾಚಿಕೊಂಡರು.

"ತಾಯೀ, ನನ್ ಮಗನ ಹೊಟ್ಟೆಗೆ ಆ ಸ್ಟಿರಾಯ್ಡು ಇಕ್ಕಿದ ಕೈಗೆ ಹುಳ ಬೀಳ್ಲಿ! ಅವ್ರು ತಿಂದ ಅನ್ನ ಮೈಗೆ ಹತ್ತದೇ ಹೋಗ್ಲಿ! ಊದ್ಕೊಂಡು ಸಾಯ್ಲಿ! ನೀನು ಸತ್ಯವಂತಳಾಗಿದ್ರೆ ನನ್ ಕಣ್ಮುಂದೆ ತೋರ್ಸು!" ಅನ್ನುತ್ತ ಗುಡಿಯ ಬಾಗಿಲಿಗೆ ಮಣ್ಣು ತೂರಿದರು.

ಆ ಊರಿನ ಹಳಬರಿಗೆ ಊರಮ್ಮನ ಮುಂದೆ ಮಣ್ಣು ತೂರುವುದೆಂದರೆ ಬಾಯಿ ಮಾತಿನ ಬೈಗುಳವಲ್ಲ. ತೂರಿದ್ದು ತಟ್ಟದೆ ಬಿಡುವುದಿಲ್ಲ, ತೂರಿದವರು ಬೇಕೆಂದರೂ ಅದನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಹಿಂದೊಮ್ಮೆ ಹೊಲದ ವಿಷಯದಲ್ಲಿ ಮೋಸ ಮಾಡಿದ ದಾಯಾದಿಯ ಮೇಲೆ ಪಟಾಲಮ್ಮ ಹೀಗೇ ಮಣ್ಣು ತೂರಿದ್ದರಂತೆ. ಆತ ಅದೇ ವರ್ಷ ಲಾರಿಗೆ ಸಿಕ್ಕಿ ಸತ್ತ. ಲಾರಿ ತನ್ನ ಪಾಡಿಗೆ ತಾನು ಬಂತು ಅಂತ ನಾನು ಹೇಳುತ್ತೇನೆ. ಆದರೆ ಅವರ ಮನೆಯಲ್ಲಿ ಕೂತು ಹಾಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅದಾಗಿ ಕೆಲವು ದಿನಕ್ಕೆ ನಾನು ಅವರ ಮನೆಗೆ ಹೋಗಿದ್ದೆ. ವರ್ಷಗಟ್ಟಲೆ ಸ್ಟಂಪಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನನ್ನ ಮಂಡಿಯೂ ಹೋಗಿತ್ತು. ಅಡುಗೆಮನೆಯ ಮಣೆಯಿಂದ "ಅಮ್ಮಾ" ಅನ್ನುತ್ತ ಎದ್ದದ್ದನ್ನು ಪಟಾಲಮ್ಮ ನೋಡಿದರು. ಹುರಿಹಿಟ್ಟಿನ ಲೋಟ ನನ್ನ ಕೈಗಿತ್ತು, ಹೊರಗೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದರು:

"ಕುಡಿಯಪ್ಪ. ಟಿನ್ ಫ್ಯಾಕ್ಟರಿ ಪುಡಿ ಕಲ್ಸಿರೋ ಹಿಟ್ಟೇ ಇದು. ಅವನಿಗೆ ಮಾತ್ರ ಹೇಳ್ಬೇಡ, ಕುಣಿದಾಡ್ತಾನೆ. ಡಬ್ಬಿಗೆ ಹಾಕೋವಾಗ್ಲೇ ಕಲ್ಸಿಟ್ಟುಬಿಡ್ತೀನಿ. ನೋಡು, ಬೆನ್ನುನೋವು ಅನ್ನೋದನ್ನೇ ಮರ್ತವ್ನೆ."

ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ನಾನು ಲೋಟ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ನಿಂತುಬಿಟ್ಟೆ. ಡಬ್ಬಿಯಿಂದ ಒಂದಿಷ್ಟು ಹಿಟ್ಟನ್ನು ಕದ್ದು ತಂದು ಲ್ಯಾಬಿಗೆ ಕೊಟ್ಟೆ. ನೋಟಿಸಿನಲ್ಲಿದ್ದ ಔಷಧಿಯೇ ಅದರಲ್ಲೂ ಇತ್ತು.

ಕೆಂಪರಾಜನಿಗೆ ಹೇಳಿದ್ದು ಅವರ ಮನೆಯ ಟೆರೇಸಿನಲ್ಲಿ. ಕೇಳಿ ನೀರಿನ ಟ್ಯಾಂಕಿಗೆ ಒರಗಿ ಕೂತ. "ಹಂಗಾದ್ರೆ ಆ ಮೂರು ಮ್ಯಾಚ್ ಆಡಿದ್ದು ನಾನಾ, ಪುಡೀನಾ?" ಅಂದ.

"ಲೋ, ಪುಡಿಗೆ ಔಟ್‌ಸ್ವಿಂಗ್ ಹಾಕೋಕೆ ಬರುತ್ತೇನೋ? ತಲೆ ಕೆಟ್ಟಿದ್ಯಾ?" ಅಂತ ರೇಗಿದೆ. "ವಿಚಾರಣೆಗೆ ಇಟ್ಕೊಂಡಿರೋ ಲಾಯರ್ ಏನಂದ್ರು? ಎಲ್ಲಿಂದ ಬಂತು ಅಂತ ತೋರ್ಸಿದ್ರೆ, ಗೊತ್ತಿಲ್ದೆ ಆಗಿದ್ದು ಅಂತ ಕೆಲವೇ ತಿಂಗಳಿಗೆ ಬಿಡಬೋದು. ತೋರ್ಸದಿದ್ರೆ ಎರಡು ವರ್ಷ. ಅಮ್ಮ ಬಂದು ಒಂದು ಮಾತು ಹೇಳಿದ್ರೆ ಮುಗೀತು."

"ಏನಂತ ಕರ್ಕೊಂಡ್ ಹೋಗ್ಲಿ ಗುರು? ಅಮ್ಮ, ನೀನು ಮಣ್ಣು ತೂರಿದ್ದು ನಿನ್ ಮೇಲೇನೇ ಅಂತಾನಾ?"

"ಎಲ್ಲಾ ಮೂಢನಂಬಿಕೆ!"

"ನಂಗೆ, ನಿಂಗೆ ಮೂಢನಂಬಿಕೆ. ಅವಳಿಗೆ ಗೊತ್ತಾದ್ರೆ ಅವತ್ತಿಂದಾನೇ ಸಾಯಕ್ಕೆ ಶುರು ಮಾಡ್ತಾಳೆ." ನನ್ನ ಕೈ ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡ. "ಯಾರ್‌ಗೂ ಹೇಳಲ್ಲ ಅನ್ನು."

ನಾನು ಬೈದೆ, ಕಾಲು ಹಿಡಿದುಕೊಳ್ಳುತ್ತೇನೆ ಅಂದೆ, ಎದ್ದು ಹೊರಟೂ ಹೋದೆ. ಗೇಟಿನಿಂದ ವಾಪಸ್ ಬಂದು ಆಣೆ ಮಾಡಿದೆ. ವಿಚಾರಣೆಯಲ್ಲಿ ಕೆಂಪರಾಜ ಕೇಳಿದ್ದಕ್ಕೆಲ್ಲ "ಗೊತ್ತಿಲ್ಲ" ಅಂದ. ಎರಡು ವರ್ಷ ಹೊರಗೆ ಹಾಕಿದರು.

ಎರಡು ವರ್ಷವೆಂದರೆ ಬರೀ ಎರಡು ವರ್ಷವಲ್ಲ ಅಂತ ಫಾಸ್ಟ್ ಬೌಲರ್‌ನ ಪಕ್ಕ ನಿಂತವರಿಗೆ ಗೊತ್ತು. ಪುಡಿ ನಿಂತ ಮೇಲೆ ಬೆನ್ನು ಮತ್ತೆ ಹಿಡಿಯಿತು. ಶಿಕ್ಷೆ ಮುಗಿಸಿ ಬಂದು ಲೀಗ್ ಮ್ಯಾಚುಗಳನ್ನು ಆಡಿದ. ಬೇಲಿಯಾಚೆ ನಿಂತ ಪೋಲಿಗಳು "ಏ ಇಂಜೆಕ್ಷನ್, ಸಿರಿಂಜ್ ತಂದಿದ್ಯಾ ಮಗಾ?" ಅಂತ ಕೂಗುತ್ತಿದ್ದರು. ನಾನು ಒಬ್ಬನ ಕೊರಳಪಟ್ಟಿ ಹಿಡಿದು ಸ್ಟೇಷನ್ ಮೆಟ್ಟಿಲನ್ನೂ ಹತ್ತಿ ಬಂದೆ. ಅವನು ಮಾತ್ರ ಹಳೆಯ ಹಾಗೆ ತಲೆ ತಗ್ಗಿಸಿಕೊಂಡು ವಾಪಸ್ ನಡೆದು, ಓಡಿ ಬಂದು ಚೆಂಡು ಹಾಕುತ್ತಿದ್ದ. ಯಾವ ತಂಡದವರೂ ಕರೆಯಲಿಲ್ಲ. ಈಗ ಕೆ.ಆರ್. ಪುರದ ಒಂದು ಕೋಚಿಂಗ್ ಸೆಂಟರಿನಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾನೆ, ತಾನು ಚೆಂಡು ಎಸೆಯುವುದಿಲ್ಲ.

ಇನ್ನು ಆ ಪುಡಿ. ಆಣೆ ಮಾಡಿದ ಮರುದಿನವೇ ಕೆಂಪರಾಜ ಮನೆಯಲ್ಲಿದ್ದದ್ದನ್ನೆಲ್ಲ ಮೋರಿಗೆ ಸುರಿದಿದ್ದ, ಹುರಿಹಿಟ್ಟು ಕುಡಿಯುವುದನ್ನೂ ಬಿಟ್ಟಿದ್ದ. "ಆ ಗುಡಾರ ಎತ್ತಿಸ್ಬಿಟ್ರಂತಮ್ಮ, ಕಲಬೆರಕೆ ಮಾಲಂತೆ" ಅಂದಿದ್ದ. ಪಟಾಲಮ್ಮ ಹೂಂ ಅಂದಿದ್ದರು. ಅವರು ಹೂಂ ಅಂದದ್ದನ್ನು ನಂಬಿದ ನಮ್ಮಂಥ ದಡ್ಡರು ಇನ್ನೊಬ್ಬರಿಲ್ಲ. ಆ ಗುಡಾರದವನು ಕೆ.ಆರ್. ಪುರದಾಚೆ ಹೋಗಿ ಕೂತಿದ್ದನ್ನು ಪತ್ತೆ ಮಾಡಿ, ಸಂತೆಗೆ ಹೋಗುತ್ತೇನೆ ಅಂತ ಹೇಳಿ ಆಟೋ ಹತ್ತಿ, ವರ್ಷಗಟ್ಟಲೆ ತಂದು ತಿಂದಿದ್ದಾರೆ. ಮಗ ಬೈಯುತ್ತಾನೆಂದು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದರಂತೆ. ನಿಜ ಹೇಳಿದ್ದರೆ ಅವತ್ತೇ ಬಿಡುತ್ತಿದ್ದರು. ಈ ಮಾತನ್ನು ನಾನು ಕೆಂಪರಾಜನಿಗೆ ಇವತ್ತಿಗೂ ಹೇಳಿಲ್ಲ, ಅವನಿಗೆ ಗೊತ್ತೇ ಇದೆ.

ಹೋದ ವರ್ಷ ಅವರ ಮುಖ ಉಬ್ಬಿ ಗುಂಡಗಾಯಿತು. ಕೈಕಾಲು ಸಣಕಲಾಗಿ ಹೊಟ್ಟೆ ಮುಂದೆ ಬಂತು. ಮುಟ್ಟಿದರೆ ಚರ್ಮ ಕಿತ್ತು ಬರುತ್ತಿತ್ತು. ಇಂದಿರಾನಗರದ ಆಸ್ಪತ್ರೆಯೊಂದಕ್ಕೆ ನಾವಿಬ್ಬರೂ ಕರೆದುಕೊಂಡು ಹೋದೆವು. ಡಾಕ್ಟರು ರಿಮ್ಶಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವರು. "ಅಜ್ಜಿ, ಏನಾದ್ರೂ ನಾಟಿ ಔಷಧಿ ತಗೋತಿದೀರಾ?" ಅಂತ ಕೇಳಿದರು. ಪಟಾಲಮ್ಮ ಮಗನ ಕಡೆ ಅಳುಕಿನಿಂದ ನೋಡಿ, ಸೆರಗಿನ ಗಂಟಿನಿಂದ ಪುಡಿಯ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು.

"ಒಳ್ಳೆ ಔಷಧಿ ಕಣವ್ವ. ನನ್ ಮಗ ಇದನ್ನ ತಿಂದೇ ದೇಶಕ್ಕೆ ಆಡಿದ್ದು. ಅವನಿಗೇ ಗೊತ್ತಿಲ್ಲ" ಅಂದರು, ನಗುತ್ತ.

ಕೆಂಪರಾಜ ಎದ್ದು ನಿಂತ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರು ಹೇಳಿಬಿಟ್ಟಿದ್ದರು. "ಅಜ್ಜಿ, ಇಂಥಾ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರ್ತಾರೆ. ಅದಕ್ಕೇ ನೀವು ಹೀಗೆ ಊದ್ಕೊಂಡಿರೋದು." ಮಣ್ಣು ತೂರಿದ ಕಥೆ ಆ ಡಾಕ್ಟರಿಗೆ ಏನು ಗೊತ್ತು, ಪಾಪ. ಇದನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಮೈ ಇದಕ್ಕೆ ಒಗ್ಗಿಹೋಗಿದೆ, ಮಾತ್ರೆಯಲ್ಲಿ ಕೊಟ್ಟು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು ಅಂತ ಬಿಡಿಸಿ ಹೇಳಿದರು. ಪಟಾಲಮ್ಮ ಅದನ್ನೆಲ್ಲ ಗಮನವಿಟ್ಟು ಕೇಳಿದರು.

ಮನೆಗೆ ಬಂದು ಜಗಲಿಯಲ್ಲಿ ಕೂತ ಮೇಲೆ ಮಗನನ್ನು ಹತ್ತಿರ ಕರೆದರು. "ನಾನು ಮಣ್ಣು ತೂರಿದಾಗ ನೀನು ಪಕ್ಕದಾಗೇ ಇದ್ದೆ. ನಿಂಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲಮ್ಮ."

"ಆಮೇಲೆ?"

"ಆಮೇಲೂ ಗೊತ್ತಿರ್ಲಿಲ್ಲ."

ನನ್ನ ಕಡೆ ತಿರುಗಿದರು. ನಾನೂ ತಲೆ ಅಲ್ಲಾಡಿಸಿದೆ. ನಮ್ಮಿಬ್ಬರ ಮುಖವನ್ನೂ ನೋಡಿ, "ಇಬ್ರೂ ಸುಳ್ಳು ಹೇಳಕ್ಕೆ ಕಲೀಲೇ ಇಲ್ಲ" ಅಂದರು. ಕೆಂಪರಾಜ ಅವರ ಕಾಲು ಹಿಡಿದುಕೊಂಡು ಗೊಳೋ ಎಂದು ಅತ್ತ. "ಅದನ್ನ ವಾಪಸ್ ತಗೋಮ್ಮ, ಗುಡಿಗೆ ಹೋಗೋಣ" ಅಂದ.

"ವಾಪಸ್ ತಗಳಕ್ಕೆ ಅದೇನು ಅಂಗಡಿ ಸಾಮಾನೇನೋ? ಸರಿಯಾಗೇ ಹಾಕಿದೀನಿ. ತಟ್ಟಬೇಕಾದೋರಿಗೇ ತಟ್ಟೈತೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಪುಡಿಯನ್ನು ಅವತ್ತೇ ಬಿಟ್ಟರು. ದಿನಾ ಬೆಳಿಗ್ಗೆ ಕೆಂಪರಾಜ ಎದುರಿಗೆ ನಿಂತು ಮಾತ್ರೆ ಕೊಡುತ್ತಿದ್ದ. ಅವರು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು, ಆಮೇಲೆ ಎಂದಿನಂತೆ ಎಲೆಅಡಿಕೆ. ಒಂದೆರಡು ವಾರದಲ್ಲೇ ಏನು ತಿಂದರೂ ವಾಂತಿಯಾಗತೊಡಗಿತು, ನಿಂತರೆ ಕಣ್ಣು ಕತ್ತಲೆ. ಮತ್ತೆ ಆಸ್ಪತ್ರೆಗೆ ಹೋಗೋಣವೆಂದರೆ ನಾಳೆ ನಾಡಿದ್ದು ಅಂತ ಸತಾಯಿಸಿದರು. ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಕುಸಿದವರು ಏಳಲಿಲ್ಲ.

ಮೈ ತೊಳೆಸಲು ಬಂದದ್ದು ಅವರ ಬಾಡಿಗೆ ಮನೆಯಲ್ಲಿದ್ದ ವೆಂಕಟಮ್ಮ. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಕೈಹಾಕಿದವರು, "ಇದೇನಪ್ಪಾ ಇಷ್ಟೊಂದು ಮಾತ್ರೆ?" ಅಂತ ಹೊರಗೆ ತಂದು ತೋರಿಸಿದರು. ಬಾಯಿಯಿಂದ ತೆಗೆದು ಹಾಕಿಟ್ಟ ಮಾತ್ರೆಗಳು, ಸುಣ್ಣ ಮೆತ್ತಿಕೊಂಡು ಒಂದಕ್ಕೊಂದು ಅಂಟಿದ್ದವು. ಒಂದನ್ನೂ ನುಂಗಿರಲಿಲ್ಲ. ಕೆಂಪರಾಜ ಚೀಲವನ್ನು ಕೈಗೆ ತೆಗೆದುಕೊಂಡು ನೋಡಿ, ಮುಚ್ಚಿ ಜೇಬಿಗಿಟ್ಟುಕೊಂಡ. ಅಳಲಿಲ್ಲ.

ಅವರಲ್ಲಿ ಹೂಳುತ್ತಾರೆ. ಮುನಿಆಂಜನಪ್ಪನವರ ಪಕ್ಕದಲ್ಲೇ ಗುಂಡಿ ತೆಗೆದಿದ್ದರು. ಮೊದಲ ಹಿಡಿ ಮಣ್ಣನ್ನು ಮಗ ಹಾಕಬೇಕು. ಕೆಂಪರಾಜ ಬಗ್ಗಿ ಬಲಗೈಯಲ್ಲಿ ಮಣ್ಣು ತೆಗೆದುಕೊಂಡ, ಗುಂಡಿಯ ಅಂಚಿಗೆ ಬಂದ, ನಿಂತುಬಿಟ್ಟ. ಹಿರಿಯರು "ಹಾಕಪ್ಪ, ಹಾಕು" ಅಂದರು. ಅವನ ಮುಷ್ಟಿ ಬಿಚ್ಚಲಿಲ್ಲ. ಬಿಸಿಲಿನಲ್ಲಿ ಎಲ್ಲರೂ ಕಾಯುತ್ತಿದ್ದರು. ನಾನು ಹೋಗಿ ಅವನ ಮಣಿಕಟ್ಟು ಹಿಡಿದುಕೊಂಡೆ.

"ಗುರು, ಇದು ಅವಳಿಗೆ ತಟ್ಟಲ್ಲ ಅಲ್ವಾ?" ಅಂದ.

"ತಟ್ಟಲ್ಲ ಕಣೋ. ಹಾಕು" ಅಂದೆ.

ಅವನಿಂದಾಗಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.